ಹಸಿ ಹಗ್ಗದ ಓಣಿ

ಹಗ್ಗ ಇನ್ನೂ ಹಸಿಯಾಗಿತ್ತು.

ದಫೇದಾರರು ಅದನ್ನು ಅಂಗೈಯಲ್ಲಿ ಒತ್ತಿ ನೋಡಿದರು. ಆಮೇಲೆ, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ತಾಯಿಯಂತೆ, ಕೆನ್ನೆಗೆ ತಾಗಿಸಿಕೊಂಡರು. ಹೊರಗೆ ಬೀದಿಯ ಡಾಂಬರು ಮೆತ್ತಗಾಗುವಂಥ ಮಧ್ಯಾಹ್ನ. ಹಗ್ಗ ಮಾತ್ರ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

"ಎಲ್ಲಿಂದ ಬರುತ್ತೆ ಈ ಮಾಲು?"

"ದೂರದಿಂದ ಸ್ವಾಮಿ," ಎಂದ ಹಗ್ಗದಂಗಡಿಯವನು. "ಲಾರೀಲಿ ಬರುತ್ತೆ."

"ಹಗಲೆಲ್ಲ ಬಿಸಿಲಲ್ಲೇ?"

"ಲಾರಿಗೆ ಯಾರು ಕೊಡೆ ಹಿಡೀತಾರೆ ಸ್ವಾಮಿ?"

"ಅಷ್ಟು ದೂರ ಬಿಸಿಲಲ್ಲಿ ಬಂದೂ ಆರಿಲ್ಲ ನೋಡಿ. ಒಳ್ಳೇ ಗಟ್ಟಿ ಹಗ್ಗ," ಎಂದರು ದಫೇದಾರರು.

ಅಂಗಡಿಯವನು ತಕ್ಕಡಿಯ ತಟ್ಟೆ ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಜನಕ್ಕೆ ಅವರ ಊರನ್ನೇ ತೋರಿಸುತ್ತಿದ್ದ ಗಲ್ಲಿರಾಯ ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಅವನು ಮನೆಯಲ್ಲಿ ಬಿಟ್ಟುಹೋದ ಹಳೆಯ ಚಪ್ಪಲಿಯ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಹೊಂಬಣ್ಣದ ನಾರಿನ ಎಳೆಯೊಂದು ದಫೇದಾರರನ್ನು ಈ ಅಂಗಡಿಯವರೆಗೆ ಎಳೆದು ತಂದಿತ್ತು.

ಗಲ್ಲಿರಾಯ ಎಂದು ಜನ ಅವನಿಗೆ ಸುಮ್ಮನೆ ಹೆಸರಿಟ್ಟಿರಲಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದವರಿಗೂ ತಿಳಿಯದ ಕೇರಿಗಳನ್ನು ಹುಡುಕಿ, ವಾರಕ್ಕೊಮ್ಮೆ ಜನರನ್ನು ಹಿಂದೆ ಕಟ್ಟಿಕೊಂಡು ನಡೆಸಿ ತೋರಿಸುವುದು ಅವನ ಕಸುಬು. ಕನ್ನಡಿಗೆ ರಸ ಹಾಕುವವರ ಕೇರಿ, ಕೆಟ್ಟ ಗಡಿಯಾರಗಳ ಹೊಟ್ಟೆ ಬಿಚ್ಚುವವರ ಮಹಡಿ, ಸೇತುವೆಯ ಕಾಲಡಿಯಲ್ಲಿ ಬುಟ್ಟಿ ಹೆಣೆಯುವವರ ಅಂಗಳ, ಎಲ್ಲವನ್ನೂ ಬೆಳಕಿಗೆ ತಂದವನು ಅವನೇ. ದೊಡ್ಡ ಊರೆಂಬುದು ಅಜ್ಜಿ ಹೇಳುವ ಕತೆಯಿದ್ದ ಹಾಗೆ. ಒಂದು ಕತೆಯ ಹೊಟ್ಟೆಯಲ್ಲಿ ಇನ್ನೊಂದು ಮಲಗಿರುತ್ತದೆ, 'ಆಮೇಲೆ?' ಎಂದು ಕೇಳಿದವನಿಗೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಗಲ್ಲಿರಾಯ 'ಆಮೇಲೆ?' ಎಂದು ಕೇಳುತ್ತಲೇ ಹೋದವನು. ಹಾಗೆ ಹೋಗಿ ಎಲ್ಲಿ ನಿಂತನೋ, ದೇವರೇ ಬಲ್ಲ.

ದಫೇದಾರರ ಬೆನ್ನ ಹಿಂದೆ ಇಬ್ಬರು ನಿಂತಿದ್ದರು. ಒಬ್ಬಳು ಗಲ್ಲಿರಾಯನ ಹೆಂಡತಿ. ಔಷಧಿ ಅಂಗಡಿಯ ಕಟ್ಟೆಯ ಹಿಂದೆ ವರ್ಷಾನುಗಟ್ಟಲೆ ನಿಂತವಳು. ಮಾತು ಕಡಿಮೆ, ನಡಿಗೆ ನೆಟ್ಟಗೆ. ಕಂಕುಳಲ್ಲಿ ಒಂದು ಚೀಲ. ಅದರಲ್ಲಿ ಗಂಡನ ಔಷಧಿಯ ಬಾಟಲಿ. ಹುಡುಕಲು ಹೊರಟ ಮೊದಲ ದಿನದಿಂದಲೂ ಅವಳು ಅದನ್ನು ಬಿಟ್ಟು ಬಂದಿದ್ದಿಲ್ಲ. "ಸಿಕ್ಕಿದ ತಕ್ಷಣ ಕೊಡಬೇಕು ದಫೇದಾರ್ರೇ, ತಪ್ಪಿಸಿದ್ರೆ ಅವರಿಗೆ ಆಗಲ್ಲ," ಎಂದಿದ್ದಳು. ಪೊಲೀಸಿನಿಂದ ನಿವೃತ್ತರಾಗಿ, ಇನ್ನು ಜಪ ಮಾಡಿಕೊಂಡಿರೋಣವೆಂದು ಕೂತಿದ್ದ ದಫೇದಾರರು ಆ ಮಾತಿಗೇ ಕರಗಿ ಎದ್ದು ಬಂದಿದ್ದರು.

ಇನ್ನೊಬ್ಬ ಅವಳ ಮೈದುನ. ಅಣ್ಣ ಕಾಣೆಯಾದ ವಾರವೇ ಅಣ್ಣನ ಟೋಪಿ ಹಾಕಿಕೊಂಡು, ಅಣ್ಣನ ಬದಲಿಗೆ ಜನರನ್ನು ಕರೆದುಕೊಂಡು ಗಲ್ಲಿ ಸುತ್ತಿಸಲು ಶುರು ಮಾಡಿದವನು. ಚಪ್ಪಲಿಯ ನಾರು ಕಂಡಾಗ, "ಅದು ಹಾಸಿಗೆ ಅಂಗಡೀದು ಸರ್, ನಮ್ಮ ಬೀದಿ ತುದೀಲೇ ಇದೆ," ಎಂದವನೂ ಇವನೇ. ದಫೇದಾರರು ಹಾಸಿಗೆ ಅಂಗಡಿಗೆ ಹೋಗಿದ್ದರು. ಅಲ್ಲಿ ಇದ್ದದ್ದು ಬರೀ ಹತ್ತಿ.

ನಾರನ್ನು ನೆನೆಸಿಯೇ ಹೊಸೆಯಬೇಕು. ಹೊಸೆದ ದಿನವಷ್ಟೇ ಹಗ್ಗ ಹೀಗೆ ತಣ್ಣಗಿರುತ್ತದೆ. ಅಂದರೆ ಇದು ಇವತ್ತು ಬೆಳಿಗ್ಗೆ ಹುಟ್ಟಿದ ಹಗ್ಗ. ಹೊಸೆಯುವ ಜಾಗ ಇಲ್ಲೇ, ಕೂಗಳತೆಯಲ್ಲಿ ಎಲ್ಲೋ ಇದೆ.

ಅಂಗಡಿಯ ಹಿಂಗೋಡೆಯ ತುಂಬ ಹಗ್ಗದ ಸಿಂಬಿಗಳು ತೂಗುತ್ತಿದ್ದವು. ಗಾಳಿಯ ಸುಳಿವಿಲ್ಲದ ಅಂಗಡಿಯಲ್ಲಿ ಮೂಲೆಯ ಒಂದು ಸಿಂಬಿ ಮಾತ್ರ ಮೆಲ್ಲಗೆ ಅಲುಗುತ್ತಿತ್ತು.

ದಫೇದಾರರು ಅದನ್ನು ಸರಿಸಿದರು. ಹಿಂದೆ ಗಿಡ್ಡ ಬಾಗಿಲು. ಬಾಗಿಲ ಸಂದಿಯಿಂದ ಒದ್ದೆ ನಾರಿನ ವಾಸನೆ.

"ಅದು ಗೋಡೌನು," ಎಂದ ಅಂಗಡಿಯವನು. ತಕ್ಕಡಿ ಕೈಯಲ್ಲೇ ಇತ್ತು.

"ನಾನು ಗೋಡೌನನ್ನೇ ನೋಡ್ಬೇಕಿತ್ತು."

"ಅಲ್ಲೇನಿರುತ್ತೆ ಸರ್," ಎಂದ ಮೈದುನ. "ಇಲಿ, ಜೇಡ. ಬನ್ನಿ ಹೋಗೋಣ, ಅತ್ತಿಗೇನೂ ಸುಸ್ತಾಗಿದಾರೆ."

"ನನಗೇನೂ ಸುಸ್ತಿಲ್ಲ," ಎಂದಳು ಅತ್ತಿಗೆ.

ಮೈದುನನ ಕಣ್ಣು ಒಮ್ಮೆ ಅಂಗಡಿಯವನ ಕಡೆ ಹೋಗಿ ಬಂತು. "ಹಾಗಾದ್ರೆ ನಾನು ಮುಂದೆ ಹೋಗಿ ನೋಡ್ತೀನಿ. ಕತ್ತಲೆ ಜಾಗ, ಹುಳ ಹುಪ್ಪಟೆ ಇದ್ದರೆ?" ಎಂದವನೇ ದಫೇದಾರರನ್ನು ದಾಟಿ ಬಾಗಿಲೊಳಗೆ ನುಗ್ಗಿದ. ಒಳಗೆ ಹೋದವನು ಎರಡು ಸಲ ಗಟ್ಟಿಯಾಗಿ ಕೆಮ್ಮಿದ.

ಇಡೀ ದಿನ ಒಂದು ಸಲವೂ ಕೆಮ್ಮದ ಗಂಟಲು, ಎಂದುಕೊಂಡರು ದಫೇದಾರರು.

ಬಾಗಿಲಾಚೆ ಇಕ್ಕಟ್ಟಾದ ಕತ್ತಲ ದಾರಿ. ಎರಡೂ ಕಡೆ ಬೆವರುವ ಗೋಡೆ. ಭುಜ ಸವರಿಕೊಂಡು ನಡೆಯಬೇಕು. ಮುಂದೆ ತಿರುವಿನಲ್ಲಿ ಬೆಳಕಿನ ಒಂದು ಪಟ್ಟಿ. ತಿರುವು ದಾಟಿದ ದಫೇದಾರರು ಅಲ್ಲೇ ನಿಂತುಬಿಟ್ಟರು.

ಊರಿನ ಬೆನ್ನು ಕಾಣುತ್ತಿತ್ತು.

ಎರಡೂ ಕಡೆ ಎತ್ತರದ ಕಟ್ಟಡಗಳು ಬೆನ್ನು ಹಾಕಿ ನಿಂತಿದ್ದವು. ಅವುಗಳ ಮುಖಗಳೆಲ್ಲ ಆಚೆಯ ದೊಡ್ಡ ಬೀದಿಗಳಿಗೆ. ಇತ್ತ ಕಡೆಗೆ ಬರೀ ಮುಚ್ಚಿದ ಕಿಟಕಿ, ಇಳಿಬಿದ್ದ ಕೊಳಾಯಿ, ಪಾಚಿ. ಆ ಎರಡು ಬೆನ್ನುಗಳ ನಡುವೆ, ದಾರ ಹಿಡಿದು ಎಳೆದ ಗೆರೆಯಂಥ ಒಂದು ಓಣಿ. ಒಂದು ಬದಿಗೆ ತಗ್ಗು ಸೂರಿನ ಮನೆಗಳ ಸಾಲು. ಬಾಗಿಲುಗಳೆಲ್ಲ ಒಂದೇ ಅಳತೆ, ಒಂದೇ ನೀಲಿ. ಮೇಲೆ ಆಕಾಶ, ಅದೂ ಒಂದು ಎಳೆಯಷ್ಟೇ. ಇಷ್ಟು ಉದ್ದದ ಹಗ್ಗ ಹೊಸೆಯಲು ಇಷ್ಟು ಉದ್ದದ ನೆಲ ಬೇಕು. ಆ ನೆಲವನ್ನು ಯಾವುದೋ ಕಾಲದಲ್ಲಿ ಯಾರೋ ಬಿಟ್ಟುಕೊಟ್ಟಿದ್ದರು, ಆಮೇಲೆ ಊರು ಸುತ್ತಲೂ ಬೆಳೆದು ಅದನ್ನು ಮರೆತಿತ್ತು.

ಓಣಿಯ ಆ ತುದಿಯಲ್ಲಿ ಒಬ್ಬ ಗಂಡಸು ರಾಟೆ ತಿರುಗಿಸುತ್ತಿದ್ದ. ಅವನಿಂದ ಹೊರಟ ಎಳೆ ಗಾಳಿಯಲ್ಲಿ ನಡುಗುತ್ತ, ತಿರುಗುತ್ತ ಬಂದು ಒಬ್ಬ ಮುದುಕಿಯ ಬೆರಳಿನಲ್ಲಿ ಮುಗಿಯುತ್ತಿತ್ತು. ಮುದುಕಿ ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಎಳೆಗೆ ನಾರು ಕೊಡುತ್ತ ಕೊಡುತ್ತ ಹಿಂದೆ ಹಿಂದೆ ನಡೆದು ಬರುತ್ತಿದ್ದಳು. ಬರುವವರಿಗೆ ಅವಳ ಬೆನ್ನಷ್ಟೇ ಕಾಣುವುದು. ಹೆಜ್ಜೆ ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ದಾರಿ ಓಣಿಯನ್ನು ಕೂಡುವಲ್ಲಿ, ಹೊಸೆದು ಮುಗಿಸಿದ ದಪ್ಪ ಹಗ್ಗವೊಂದನ್ನು ಗೂಟದಿಂದ ಗೂಟಕ್ಕೆ ಕಟ್ಟಿ ಆರಲು ಬಿಟ್ಟಿದ್ದರು. ಪೂರ್ತಿ ಬಿಗಿದಿರಲಿಲ್ಲ, ಮೊಣಕಾಲಿಗೂ ಕೆಳಗೆ ಜೋಲಾಡುತ್ತಿತ್ತು. ಅದನ್ನು ದಾಟದೆ ಒಳಗೆ ಹೋಗುವಂತಿರಲಿಲ್ಲ.

ಮುಂದೆ ಹೋಗುತ್ತಿದ್ದ ಮೈದುನ ಅವಸರದಲ್ಲಿದ್ದ. ಬಗ್ಗಿದ, ಎರಡೂ ಕೈಯಲ್ಲಿ ಹಗ್ಗ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಹಾಯಿಸಿದ, ಸದ್ದಾಗದಂತೆ ಇಳಿಸಿ ಮುಂದೆ ನಡೆದ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ.

ದಫೇದಾರರು ಪಂಚೆ ಎತ್ತಿಕೊಂಡು ಹಗ್ಗವನ್ನು ದಾಟಿದರು.

ರಾಟೆ ನಿಂತಿತು.

ಎಲ್ಲ ಸದ್ದೂ ಒಟ್ಟಿಗೇ ನಿಂತಿತು. ಬಾಗಿಲಲ್ಲಿ ನಾರು ಬಿಡಿಸುತ್ತಿದ್ದ ಹೆಂಗಸರ ಕೈಯೂ ಹಾಗೇ ನಿಂತಿತು. ಮುದುಕಿ ತಿರುಗಿದಳು. ಸುಕ್ಕಿನ ಮುಖ, ಬೆರಳುಗಳೆಲ್ಲ ನಾರಿನ ಬಣ್ಣ.

"ದಾಟಿಬಿಟ್ಟೆಯಲ್ಲಪ್ಪ," ಎಂದಳು. ಬೈಗುಳಕ್ಕಿಂತ ದುಃಖವೇ ಹೆಚ್ಚಿತ್ತು ಆ ದನಿಯಲ್ಲಿ.

"ಏನಾಯ್ತಜ್ಜಿ?"

"ಹೊಸ ಹಗ್ಗ ದಾಟಬಾರದು. ಎತ್ತಿ, ಅಡೀಲಿ ಬಗ್ಗಿ ಬರ್ಬೇಕು. ಎತ್ತರದ ಗೋಡೆಗೆ ಬಣ್ಣ ಬಳಿಯೋರು ಇದನ್ನೇ ನಂಬ್ಕೊಂಡು ಜೋತಾಡ್ತಾರೆ. ಹಸಿ ಹಗ್ಗಕ್ಕೆ ಯಾರದೋ ಹಿಮ್ಮಡಿ ತಾಗಿ ಒಂದು ಎಳೆ ಸರಿದಿದ್ರೂ ಕಣ್ಣಿಗೆ ಕಾಣಲ್ಲ, ಮೇಲೆ ಹೋದ್ಮೇಲೆ ಕಾಣುತ್ತೆ. ದಾಟಿದ ಹಗ್ಗ ನಾವು ಮಾರಲ್ಲ." ಅವಳು ಕೈ ಮಾಡಿದಳು. ಒಬ್ಬ ಹೆಂಗಸು ಕುಡುಗೋಲು ತಂದು, ಬೆಳಗಿನಿಂದ ಮಾಡಿದ್ದನ್ನು ಮರುಮಾತಿಲ್ಲದೆ ನಡುವಿಗೆ ಕತ್ತರಿಸಿ ಎಳೆ ಬಿಚ್ಚತೊಡಗಿದಳು.

ದಫೇದಾರರಿಗೆ ನಾಚಿಕೆಯಾಯಿತು. ಕೈ ಮುಗಿದರು. "ತಪ್ಪಾಯ್ತು ತಾಯಿ. ಗೊತ್ತಿರಲಿಲ್ಲ."

"ನಿನ್ನ ತಪ್ಪಲ್ಲ ಬಿಡು. ಗೊತ್ತಿಲ್ದೋರು ಎಲ್ಲರೂ ದಾಟ್ತಾರೆ."

ದಫೇದಾರರ ಮುಗಿದ ಕೈ ಹಾಗೇ ಉಳಿಯಿತು. ಅವರು ಮೆಲ್ಲಗೆ ಕತ್ತು ಹೊರಳಿಸಿ ಮೈದುನನನ್ನು ನೋಡಿದರು. ಅವನು ಟೋಪಿ ತೆಗೆದು, ಗೋಡೆಯ ಪಾಚಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಯಾರಪ್ಪ ನೀನು?" ಎಂದಳು ಮುದುಕಿ.

ದಫೇದಾರರು ತಾವು ಯಾರೆಂದು ಹೇಳಿದರು.

"ಈಕೆ?"

"ನಾನು ಗಲ್ಲಿರಾಯರ ಹೆಂಡತಿ," ಎಂದಳು ಅವಳು, ತುಂಡಾದ ಹಗ್ಗದ ಪಕ್ಕದಿಂದ ಒಳಗೆ ಬರುತ್ತ.

ಮುದುಕಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಚೀಲವನ್ನು ನೋಡಿದಳು. "ಬಿಸಿಲು. ಒಳಗೆ ಬನ್ನಿ," ಎಂದಳು.

ಮೈದುನನನ್ನು ಯಾರೆಂದು ಅವಳು ಕೇಳಲೇ ಇಲ್ಲ.

ಹುರಿಯಜ್ಜಿ ಎಂದೇ ಅವಳನ್ನು ಓಣಿಯವರು ಕರೆಯುತ್ತಿದ್ದರು. ಅವಳ ಮನೆಯೆಂದರೆ ಒಂದೇ ಕೋಣೆ. ಒಂದು ಗೋಡೆಗೆ ಒರಗಿ ನಾರಿನ ಮೂಟೆಗಳು, ಇನ್ನೊಂದಕ್ಕೆ ಮಡಚಿಟ್ಟ ಹಾಸಿಗೆಗಳು, ಗೂಡಿನಲ್ಲಿ ಒಂದು ದೀಪ. ದಫೇದಾರರು ದೀಪಕ್ಕೆ ತಲೆಬಾಗಿ ಕೂತರು. ರಾಟೆ ತಿರುಗಿಸುತ್ತಿದ್ದ ಅವಳ ಅಳಿಯ ಬಂದು ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತ. ಒಳಗೆ ಬಂದವರು ಹೊರಗೆ ಹೋಗಬೇಕಾದರೆ ಅವನನ್ನು ಸರಿಸಿಯೇ ಹೋಗಬೇಕು. ತೋಳುಗಳು ಹಗ್ಗದಷ್ಟೇ ಹುರಿಗಟ್ಟಿದ್ದವು.

ಅಜ್ಜಿ ನೀರು ಕೊಟ್ಟಳು. ದಫೇದಾರರು ಕುಡಿದರು. ಗಲ್ಲಿರಾಯನ ಹೆಂಡತಿ ಲೋಟವನ್ನು ಮುಟ್ಟಲಿಲ್ಲ.

"ನಮ್ಮವರು ಇಲ್ಲಿಗೆ ಬಂದಿದ್ರಾ?" ಎಂದು ನೇರವಾಗಿ ಕೇಳಿದಳು.

"ಇಲ್ಲಿಗೆ ಯಾರೂ ಬರಲ್ಲಮ್ಮ."

"ಅವರ ಚಪ್ಪಲೀಲಿ ನಿಮ್ಮ ನಾರಿತ್ತು."

"ನಾರಿಗೇನು, ಗಾಳಿಗೆ ಹಾರುತ್ತೆ."

"ಗಾಳಿ ಅದನ್ನ ಚಪ್ಪಲಿ ಹೊಲಿಗೆಗೆ ಸಿಕ್ಕಿಸುತ್ತಾ?" ಅವಳ ದನಿ ಏರಲಿಲ್ಲ. "ದಫೇದಾರ್ರೇ, ನೀವೇ ನೋಡಿ. ಊರಿಗೇ ಗೊತ್ತಿಲ್ಲದ ಜಾಗ. ನಮ್ಮವರ ಕಣ್ಣಿಗೆ ಬಿತ್ತು. ಅವರು ಜನಾನ ಕರ್ಕೊಂಡು ಬಂದು ತೋರಿಸಿಬಿಟ್ರೆ ನಾಳೆ ಆ ಕಟ್ಟಡದೋರು ಬಂದು ನೆಲ ನಮ್ಮದು ಅಂತಾರೆ. ಇವರಿಗೆ ಅದು ಗೊತ್ತಿಲ್ವಾ? ಅವರ ಬಾಯಿ ಮುಚ್ಚಿಸೋಕೆ ಇವರು ಏನು ಬೇಕಾದ್ರೂ ಮಾಡಿರ್ತಾರೆ."

ಬಾಗಿಲಲ್ಲಿದ್ದ ಅಳಿಯ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ.

ಮಾತಿನಲ್ಲಿ ಸತ್ಯವಿತ್ತು. ದಫೇದಾರರು ಅದನ್ನು ಮನಸ್ಸಿನಲ್ಲೇ ತೂಗಿದರು. ಮೂಟೆಗಳ ಹಿಂದಿನ ಕತ್ತಲೆ, ಹೊರಗೆ ತುಂಡಾಗಿ ಬಿದ್ದ ಹಗ್ಗ, ಈ ಗಂಡಸಿನ ತೋಳು. ಕೂಗಿದರೂ ಬೆನ್ನು ಹಾಕಿದ ಕಟ್ಟಡಗಳಿಗೆ ಕೇಳುವುದಿಲ್ಲ. ಒಬ್ಬ ಮನುಷ್ಯನನ್ನು ಇಲ್ಲಿ ಮುಗಿಸಿದರೆ ಊರಿಗೆ ಗೊತ್ತಾಗುವ ಬಗೆಯೇ ಇಲ್ಲ. ಆದರೆ ಒಬ್ಬರ ಜೀವಕ್ಕೆ ಕುತ್ತು ಬರಬಹುದೆಂದು ಇಡೀ ಬೆಳಗಿನ ದುಡಿಮೆಯನ್ನು ಕತ್ತರಿಸಿ ಹಾಕುವ ಜನ ಇವರು. ಅದೂ ನಾಟಕವಾಗಿರಬಹುದು. ಬೆಕ್ಕು ತೀರ್ಥಯಾತ್ರೆಗೆ ಹೊರಟ ಕತೆಗಳನ್ನು ಅವರು ಚಿಕ್ಕಂದಿನಲ್ಲಿ ಬಹಳ ಕೇಳಿದ್ದರು.

ಗಲ್ಲಿರಾಯನ ಹೆಂಡತಿ ಚೀಲದಿಂದ ಬಾಟಲಿ ತೆಗೆದು ಮಂಡಿಯ ಮೇಲಿಟ್ಟುಕೊಂಡಳು. "ಇದು ಅವರ ಔಷಧಿ ಅಜ್ಜಿ. ದಿನಾ ನಾನೇ ಅಳೆದು ಕೊಡ್ತಿದ್ದೆ. ತಿಂಗಳಿಂದ ತಗೊಂಡಿಲ್ಲ. ಬದುಕಿದ್ರೆ ಹೇಗಿದಾರೋ, ನಿಂತಿದಾರೋ ಬಿದ್ದಿದಾರೋ. ಅಷ್ಟಾದ್ರೂ ಹೇಳಿ. ನಾನು ಯಾರ ಮೇಲೂ ದೂರು ಕೊಡಲ್ಲ."

ಮೈದುನ ಬಾಟಲಿಯ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿದ.

ದಫೇದಾರರಿಗೆ ಅಷ್ಟು ಸಾಕಾಯಿತು. ಅಣ್ಣನ ಔಷಧಿ ಕಂಡರೆ ಕಣ್ಣು ತಪ್ಪಿಸುವ ತಮ್ಮ. ಅವರು ಲೋಟ ಕೆಳಗಿಟ್ಟು ಅವನ ಕಡೆ ತಿರುಗಿ ಕೂತರು.

"ತಮ್ಮಾ, ನೀವು ಈ ಓಣಿಗೆ ಇವತ್ತೇ ಮೊದಲ ಸಲ ಬಂದದ್ದಾ?"

"ಹೌದು ಸರ್. ನಿಮ್ಮ ಜೊತೇಲೇ ಬಂದೆನಲ್ಲ."

"ನನಗಿಂತ ಮುಂದೆ ಬಂದ್ರಿ."

"ಹುಳ ಹುಪ್ಪಟೆ ಅಂತ..."

"ಹಗ್ಗದ ಅಡೀಲಿ ಯಾಕೆ ಬಗ್ಗಿದ್ರಿ?"



"ಯಾಕೆ ಅಂದ್ರೆ? ಅಡ್ಡ ಇತ್ತು, ಬಗ್ಗಿದೆ."

"ಮೊಣಕಾಲಿಗಿಂತ ಕೆಳಗಿದ್ದ ಹಗ್ಗ ತಮ್ಮಾ. ನನ್ನಂಥ ಮುದುಕನೇ ದಾಟಿದೆ. ಬಗ್ಗಿ, ಎರಡು ಕೈಲಿ ಎತ್ತಿ, ತಲೆ ಮೇಲಿಂದ ಹಾಯಿಸಿ, ಸದ್ದಾಗದ ಹಾಗೆ ಇಳಿಸಿದ್ರಿ. ನನಗೆ ಆಗ ಗೊತ್ತಾಗಲಿಲ್ಲ, ಪಾಪ ಹುಡುಗ ಮರ್ಯಾದಸ್ಥ ಅಂದ್ಕೊಂಡೆ. ಒಂದೇ ಸಲಕ್ಕೆ ಅಷ್ಟು ನಾಜೂಕು ಬರಲ್ಲ. ಬೈಸಿಕೊಂಡು ಬೈಸಿಕೊಂಡು ಬಂದಿರ್ಬೇಕು."

ಮೈದುನ ನಗಲು ನೋಡಿದ. "ಒಂದು ಹಗ್ಗ ಎತ್ತಿದ್ದಕ್ಕೆ ಇಷ್ಟೆಲ್ಲ..."

"ಅಜ್ಜಿ ನನ್ನನ್ನ ಯಾರು ಅಂತ ಕೇಳಿದ್ರು. ನಿಮ್ಮ ಅತ್ತಿಗೇನ ಯಾರು ಅಂತ ಕೇಳಿದ್ರು. ನಿಮ್ಮನ್ನ ಕೇಳಲಿಲ್ಲ. ಮನೆ ಮಗನ್ನ ಯಾರು ಅಂತ ಯಾರಾದ್ರೂ ಕೇಳ್ತಾರಾ?"

ಹುರಿಯಜ್ಜಿ ಕಣ್ಣು ಮುಚ್ಚಿ, ಬೆರಳಲ್ಲಿ ಇಲ್ಲದ ನಾರನ್ನು ಹೊಸೆಯುತ್ತಿದ್ದಳು.

"ಹಾಸಿಗೆ ಅಂಗಡಿಗೆ ನನ್ನನ್ನ ಕಳಿಸಿದ್ರಿ. ಅಂಗಡಿ ಬಾಗಿಲಲ್ಲಿ ನನ್ನನ್ನ ಹಿಂದಕ್ಕೆ ಕರ್ಕೊಂಡು ಹೋಗೋಕೆ ನೋಡಿದ್ರಿ. ಆಗ್ಲಿಲ್ಲ, ಮುಂದೆ ಓಡಿ ಕೆಮ್ಮಿದ್ರಿ. ಯಾರಿಗೆ ಕೆಮ್ಮಿದ್ದು ತಮ್ಮಾ?"

ಮೈದುನ ಟೋಪಿಯನ್ನು ಕೈಯಿಂದ ಕೈಗೆ ಬದಲಿಸಿದ.

"ಅಣ್ಣನ ಟೋಪಿ ನಿಮ್ಮ ಹತ್ತಿರ. ಅಣ್ಣನ ಕಸುಬು ನಿಮ್ಮ ಕೈಯಲ್ಲಿ. ಅಣ್ಣ ಕೊನೆಗೆ ಬಂದ ಜಾಗ ನಿಮಗೆ ಮೊದಲೇ ಗೊತ್ತು, ಗೊತ್ತಿದ್ದೂ ಮುಚ್ಚಿಟ್ರಿ. ನಾನು ಈಗಿಂದೀಗ ಹೋಗಿ ಸ್ಟೇಷನ್ನಲ್ಲಿ ಇಷ್ಟು ಹೇಳಿದ್ರೆ, ಸಂಜೆ ಒಳಗೆ ಈ ಓಣಿ ನೆಲ ಅಗೀತಾರೆ."

"ಅಗೀಲಿ," ಎಂದಳು ಗಲ್ಲಿರಾಯನ ಹೆಂಡತಿ. ಅವಳು ಮೈದುನನತ್ತ ತಿರುಗಿದ್ದಳು. "ನೀನಾ? ನಿಮ್ಮಣ್ಣನ್ನ ನೀನೇ ಮುಗಿಸಿದ್ಯಾ?"

"ಅತ್ತಿಗೆ, ಸುಮ್ನಿರಿ."

"ನಿನಗೆ ಅನ್ನ ಹಾಕಿದೋಳು ನಾನು. ನನ್ನ ಕಣ್ಣು ನೋಡಿ ಹೇಳು."

ಅವನು ನೋಡಲಿಲ್ಲ. ಟೋಪಿಯನ್ನು ಹಿಂಡುತ್ತಿದ್ದ.

"ಸ್ಟೇಷನ್ ಬೇಡಪ್ಪ," ಎಂದಳು ಅಜ್ಜಿ, ಕಣ್ಣು ತೆರೆಯದೆ. "ಇಲ್ಲಿರೋರು ಯಾರೂ ಯಾರನ್ನೂ ಕೊಂದಿಲ್ಲ. ಪೊಲೀಸರು ಒಂದು ಸಲ ಬಂದ್ರೆ ಆಮೇಲೆ ಊರೆಲ್ಲ ಬರುತ್ತೆ. ನಮಗೆ ಇದು ಬಿಟ್ರೆ ಬೇರೆ ನೆಲ ಇಲ್ಲ."

"ಹಾಗಾದ್ರೆ ಹೇಳಿ ತಾಯಿ. ಗಲ್ಲಿರಾಯ ಎಲ್ಲಿ?"

"ನಾನು ಮಾತು ಕೊಟ್ಟಿದೀನಿ. ಅವನು ನಮಗೊಂದು ಮಾತು ಕೊಟ್ಟ, ಈ ಓಣೀನ ಯಾರಿಗೂ ತೋರಿಸಲ್ಲ ಅಂತ. ಊರೆಲ್ಲ ತೋರಿಸೋನು ಇದೊಂದನ್ನ ಹೊಟ್ಟೇಲಿ ಇಟ್ಕೊಂಡ. ಅವನ ಮಾತು ಅವನು ಉಳಿಸಿಕೊಂಡ. ನಾನು ನನ್ನದು ಉಳಿಸಿಕೊಳ್ಳೋದು ಬೇಡ್ವಾ?"

"ಏನು ಮಾತು?"

ಅಜ್ಜಿ ತಲೆ ಅಲ್ಲಾಡಿಸಿದಳು. ದಫೇದಾರರು ನಿಟ್ಟುಸಿರಿಟ್ಟು ಎದ್ದು ನಿಂತರು. ಹೆದರಿಸಲು ಎದ್ದವರಲ್ಲ. ನಿಜವಾಗಿಯೂ ಸ್ಟೇಷನ್ನಿಗೆ ಹೋಗುವವರೇ. ಬಾಗಿಲಲ್ಲಿದ್ದ ಅಳಿಯ ಜರುಗಲಿಲ್ಲ.

"ಸರಿಯಪ್ಪ," ಎಂದರು ಅವನಿಗೆ, ಮೆತ್ತಗೆ. "ನನ್ನನ್ನೂ ಇಲ್ಲೇ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ. ಆದ್ರೆ ಒಬ್ಬ ಹೆಣ್ಣುಮಗಳು ತಿಂಗಳಿಂದ ಗಂಡ ಇದಾನೋ ಇಲ್ವೋ ಅಂತ ಬಾಗಿಲು ಬಾಗಿಲು ಸುತ್ತಿದಾಳೆ. ಅವಳಿಗೆ ಒಂದು ಮಾತು ಹೇಳೋಕೆ ಇಡೀ ಓಣೀಲಿ ಒಬ್ಬರಿಗೂ ಬಾಯಿಲ್ವಾ? ದೇವರು ಮೆಚ್ಚುತ್ತಾನಾ?"

ಅಳಿಯ ಅಜ್ಜಿಯನ್ನು ನೋಡಿದ. ಅಜ್ಜಿ ಮೈದುನನನ್ನು ನೋಡಿದಳು.

"ಬದುಕಿದಾನೆ," ಎಂದ ಮೈದುನ.



"ಅಣ್ಣ ಬದುಕಿದಾನೆ ಸರ್. ಇಲ್ಲೇ ಇದಾನೆ. ನಾನೇ ವಾರಕ್ಕೊಂದು ಸಲ ಬಂದು ನೋಡ್ಕೊಂಡು ಹೋಗ್ತಿದ್ದೆ. ಟೋಪಿ ಅವನೇ ಕೊಟ್ಟ. ಕಸುಬು ನಿಲ್ಲಿಸಬೇಡ, ನಿಲ್ಲಿಸಿದ್ರೆ ಅನುಮಾನ ಬರುತ್ತೆ ಅಂದ."

ದಫೇದಾರರು ಕಣ್ಣು ಮುಚ್ಚಿ, ಗೂಡಿನ ದೀಪದ ಕಡೆಗೆ ಕೈ ಜೋಡಿಸಿದರು. ಎಷ್ಟೋ ವರ್ಷಗಳ ನೌಕರಿಯಲ್ಲಿ, ಹುಡುಕಿದವರು ಬದುಕಿ ಸಿಕ್ಕಿದ್ದು ಅಪರೂಪ. ಕಣ್ಣು ತೆರೆದಾಗ ಅವರ ಮುಖದಲ್ಲಿ ನಗುವಿತ್ತು.

"ಆರೋಗ್ಯವಾಗಿದಾರಾ?"

"ಬಂದಾಗ ನಿಲ್ಲೋಕೂ ಆಗ್ತಿರಲಿಲ್ಲ," ಎಂದಳು ಅಜ್ಜಿ. "ಕೈ ನಡುಕ, ಕಣ್ಣು ಮಂಜು. ಈಗ ರಾಟೆ ತಿರುಗಿಸ್ತಾನೆ."

"ಔಷಧಿ ಇಲ್ಲದೆನಾ?" ಎಂದರು ದಫೇದಾರರು.

ಅಜ್ಜಿ ಆ ಹೆಂಗಸಿನ ಮಂಡಿಯ ಮೇಲಿನ ಬಾಟಲಿಯ ಕಡೆ ನೋಡಿದಳು.

ದಫೇದಾರರ ನಗು ಅರ್ಧಕ್ಕೆ ನಿಂತಿತು. ಪೊಲೀಸಿನ ಹಳೆಯ ಬುದ್ಧಿ, ಜಪಕ್ಕೆ ಕೂತರೂ ಬಿಡದ ಬುದ್ಧಿ, ಎದ್ದು ಕೂತಿತು. "ಬದುಕಿರೋ ಮನುಷ್ಯ ಅಡಗಿಕೊಳ್ಳೋದು ಯಾಕೆ ತಮ್ಮಾ? ಯಾರಿಗಾದ್ರೂ ಮೋಸ ಮಾಡಿದ್ನಾ? ಯಾರಾದ್ರೂ ಬೆದರಿಸಿದ್ರಾ? ಯಾರು ಹಿಂದೆ ಬಿದ್ದಿದಾರೆ?"

ಮೈದುನ ಟೋಪಿಯನ್ನು ಇನ್ನೊಂದು ಸುತ್ತು ತಿರುಚಿದ. ಟೋಪಿ ಅವನ ಕೈಯಲ್ಲಿ ಹಗ್ಗವಾಗಿಬಿಟ್ಟಿತ್ತು.

"ಹೇಳಿ. ನಾನಿದೀನಿ. ಯಾರಿಗೆ ಹೆದರಿದಾನೆ ಅವನು?"

"ನೀವು ತುಂಬ ಒಳ್ಳೆಯವರು ಸರ್," ಎಂದ ಮೈದುನ. ಅವನ ಕಣ್ಣು ತುಂಬಿ ಬಂದಿತ್ತು. "ಅದಕ್ಕೇ ನಿಮಗೆ ಹೇಳೋಕೆ ಆಗ್ಲಿಲ್ಲ. ಹಾಸಿಗೆ ಅಂಗಡಿಗೆ ಕಳಿಸಿದೆ, ಬಾಗಿಲಲ್ಲಿ ತಡೆದೆ, ಕೆಮ್ಮಿದೆ, ಎಲ್ಲ ಮಾಡಿದೆ. ನೀವೇ ಕೈ ಹಿಡಿದು ಕರ್ಕೊಂಡು ಬಂದುಬಿಟ್ರಿ."

"ಯಾರನ್ನ?"

ಮೈದುನ ಹೇಳುವ ಅಗತ್ಯ ಉಳಿಯಲಿಲ್ಲ. ಬಾಗಿಲಲ್ಲಿದ್ದ ಅಳಿಯ, ಹುರಿಯಜ್ಜಿ, ಹೊರಗೆ ನಾರು ಬಿಡಿಸುತ್ತಿದ್ದ ಹೆಂಗಸರು, ಎಲ್ಲರೂ ಆಗಿನಿಂದಲೂ ಒಬ್ಬಳ ಮೇಲೇ ನಿಗಾ ಇಟ್ಟಿದ್ದರೆಂಬುದು ದಫೇದಾರರಿಗೆ ಈಗಷ್ಟೇ ಹೊಳೆಯಿತು. ಆ ಅಳಿಯ ಬಾಗಿಲಿಗೆ ಅಡ್ಡ ನಿಂತಿದ್ದು ತಮ್ಮನ್ನು ತಡೆಯಲು ಅಲ್ಲ.

ಅವರು ತಿರುಗಿದರು.

ಗಲ್ಲಿರಾಯನ ಹೆಂಡತಿ ಕೂತಲ್ಲೇ ಕೂತಿದ್ದಳು. ಬೆನ್ನು ನೆಟ್ಟಗೆ. 'ಸುಳ್ಳು' ಎಂದು ಅವಳು ಕೂಗಲಿಲ್ಲ. 'ನಾನೇನು ಮಾಡಿದೆ' ಎಂದು ಅಳಲಿಲ್ಲ. ಗಂಡ ಬದುಕಿದ್ದಾನೆಂದು ಕೇಳಿದಾಗಲೂ ಅವಳ ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲವೆಂದು, ತಾವು ಕಣ್ಣು ಮುಚ್ಚಿ ಕೈ ಜೋಡಿಸಿದ್ದ ಆ ಹೊತ್ತಿನಲ್ಲಿ ಅದನ್ನು ನೋಡದೆ ಹೋದವರು ತಾವೊಬ್ಬರೇ ಎಂದು, ದಫೇದಾರರಿಗೆ ಅರ್ಥವಾಯಿತು.

ಅವಳು ಮೈದುನನನ್ನು ನೋಡುತ್ತಿರಲಿಲ್ಲ. ಅಳಿಯನ ತೋಳಿನ ಸಂದಿಯಿಂದ, ಓಣಿಯುದ್ದಕ್ಕೂ ಮುಚ್ಚಿಕೊಂಡಿದ್ದ ನೀಲಿ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಇಷ್ಟರಲ್ಲಿ ಯಾವುದು?" ಎಂದಳು, ಅಂಗಡಿಯ ಕಟ್ಟೆಯ ಹಿಂದಿನಿಂದ ಗಿರಾಕಿಯನ್ನು ಕೇಳುವಷ್ಟು ಶಾಂತವಾಗಿ. "ಯಾವ ಬಾಗಿಲ ಹಿಂದೆ ಇದಾನೆ?"